ಉದ್ದದ ಕಾಲಮ್ ತಂದರೆ ಪೀಕ್ ಬೇರೆಯಾಗುತ್ತದೆಯೇ?

ಪ್ರಶ್ನೆ: ನಮ್ಮೂರು ಅಂಕೋಲಾ. ಗೋವಾದ ವೆರ್ಣಾದಲ್ಲಿ ಔಷಧ ಕಂಪನಿಯೊಂದರ ಲ್ಯಾಬ್‌ನಲ್ಲಿದ್ದೇನೆ. ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣವನ್ನು ದ್ರವದ ಜೊತೆ ಕಾಲಮ್ ಎಂಬ ಕೊಳವೆಯಲ್ಲಿ ಹಾಯಿಸಿ ಘಟಕಗಳನ್ನು ಬೇರ್ಪಡಿಸುವ ಯಂತ್ರ; ಗ್ರಾಫಿನಲ್ಲಿ ಘಟಕಕ್ಕೊಂದು ಪೀಕ್) ಮುಖ್ಯ ಪೀಕಿಗೆ ಒಂದು ಇಂಪ್ಯುರಿಟಿ, ಅಂದರೆ ಕಲ್ಮಶ, ಅಂಟಿಕೊಂಡೇ ಬರುತ್ತಿದೆ. ರೆಸಲ್ಯೂಷನ್ (ಎರಡು ಪೀಕ್ ಎಷ್ಟು ಬೇರೆಯಾಗಿವೆ ಎಂಬ ಅಳತೆ) 0.8. ಕಾಲಮ್ ಸಿ18 (18 ಇಂಗಾಲದ ಸರಪಳಿ ಅಂಟಿಸಿದ ಸಿಲಿಕಾ ತುಂಬಿದ್ದು), ಉದ್ದ 150 ಮಿ.ಮೀ., ಅಗಲ 4.6. ಬಫರ್ ಪಿಎಚ್ 4.5, ಜೊತೆಗೆ ಅಸಿಟೋನೈಟ್ರೈಲ್ ದ್ರಾವಕ. ಇಂಪ್ಯುರಿಟಿ ಬೇಸಿಕ್ (ಕ್ಷಾರೀಯ), ಪಿಕೆಎ (ಅರ್ಧ ಅಣುಗಳಿಗೆ ಚಾರ್ಜ್ ಇರುವ ಪಿಎಚ್) 4.8. 250 ಮಿ.ಮೀ. ಕಾಲಮ್ ತರಿಸೋಣ ಅಂತಾರೆ ನಮ್ಮ ಸೀನಿಯರ್. ಸರಿಯೇ?

ಉತ್ತರ: ಆರ್ಡರ್ ಹಾಕುವ ಮೊದಲು ಒಂದು ಸಣ್ಣ ಲೆಕ್ಕ ಹಾಕಿ. ರೆಸಲ್ಯೂಷನ್ ಏರುವುದು ಕಾಲಮ್ ಉದ್ದದ ವರ್ಗಮೂಲದಷ್ಟು ಮಾತ್ರ. 150ರಿಂದ 250ಕ್ಕೆ ಹೋದರೆ ಸುಮಾರು 1.3 ಪಟ್ಟು. ನಿಮ್ಮ 0.8 ಆಗ 1.0ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೇಕಾದದ್ದು 1.5, ಅಲ್ವಾ? ದುಡ್ಡೂ ಹೋಯಿತು, ರನ್ ಟೈಮೂ ಜಾಸ್ತಿಯಾಯಿತು.

ನನ್ನ ಅನುಮಾನ ಪಿಎಚ್ ಮೇಲೆ. ಪಿಕೆಎ 4.8, ಬಫರ್ 4.5 ಅಂದರೆ ಇಂಪ್ಯುರಿಟಿಯ ಮೂರರಲ್ಲಿ ಎರಡು ಪಾಲಿಗೆ ಚಾರ್ಜ್ ಇದೆ, ಒಂದು ಪಾಲಿಗೆ ಇಲ್ಲ. ಬಫರ್ 0.1 ಆಚೀಚೆಯಾದರೂ ಪೀಕ್ ಜಾಗ ಬಿಡುತ್ತದೆ. ಇವತ್ತು ಹೇಗೋ ಬೇರೆ ಮಾಡಿದರೂ ಮುಂದಿನ ಬ್ಯಾಚಿನ ಬಫರ್ ಕೈಕೊಡುತ್ತದೆ. ಆದ್ದರಿಂದ ಪಿಕೆಎಯಿಂದ ಎರಡು ಯೂನಿಟ್ ದೂರ ಸರಿಯಿರಿ. 0.1% ಫಾರ್ಮಿಕ್ ಆಸಿಡ್‌ನಲ್ಲಿ ಪಿಎಚ್ ಸುಮಾರು 2.7, ಇಂಪ್ಯುರಿಟಿಗೆ ಹೆಚ್ಚುಕಡಿಮೆ ಪೂರ್ತಿ ಚಾರ್ಜ್ ಬಂದು ಬೇಗ ಹೊರಬರುತ್ತದೆ. ಫಾಸ್ಫೇಟ್‌ನಲ್ಲಿ 7ಕ್ಕೆ ಒಯ್ದರೆ ಚಾರ್ಜ್ ಹೋಗಿ ತಡವಾಗುತ್ತದೆ. ಎರಡೂ ಹಾಕಿ ನೋಡಿ. ಡಿಟೆಕ್ಟರ್ 210 ನ್ಯಾನೋಮೀಟರ್‌ನಲ್ಲಿದ್ದರೆ ಫಾರ್ಮಿಕ್ ಬೇಡ, ಬೇಸ್‌ಲೈನ್ ಕೆಡುತ್ತದೆ.

ಅದಕ್ಕೂ ಬಗ್ಗದಿದ್ದರೆ ಅಸಿಟೋನೈಟ್ರೈಲ್ ಬದಲು ಮೆಥನಾಲ್. ಕಾಲಮ್ ಬದಲಿಸುವುದು ಆಮೇಲೆ. ಬದಲಿಸುವುದೇ ಆದರೆ ಉದ್ದ ಅಲ್ಲ, ಜಾತಿ ಬದಲಿಸಿ: ಅಣುಗಳಲ್ಲಿ ಬೆಂಜೀನ್ ಉಂಗುರಗಳಿದ್ದರೆ ಫೀನೈಲ್-ಹೆಕ್ಸೈಲ್ ಕಾಲಮ್, ಅದೂ ಮೆಥನಾಲ್ ಜೊತೆಗೇ.

ಪಿಎಚ್ ಗಟ್ಟಿಯಾದ ಮೇಲೆಯೇ ಗ್ರೇಡಿಯೆಂಟಿಗೆ (ರನ್ ನಡೆಯುತ್ತಿದ್ದಂತೆ ದ್ರಾವಕದ ಪಾಲು ಏರಿಸುವುದಕ್ಕೆ) ಕೈ ಹಾಕಿ. ಮೊದಲು 5ರಿಂದ 95% ಅಸಿಟೋನೈಟ್ರೈಲ್, 20 ನಿಮಿಷ, ನಿಮಿಷಕ್ಕೆ 1 ಮಿ.ಲೀ. ಏರಿಕೆ ನಿಮಿಷಕ್ಕೆ 4.5%. ಜೋಡಿ ಪೀಕ್ 11ನೇ ನಿಮಿಷಕ್ಕೆ ಬಂತು ಅನ್ನಿ. ಕಾಲಮ್ಮಿನ ಖಾಲಿ ಜಾಗಕ್ಕೆ 1.5, ಮಿಷನ್‌ನ ಡ್ವೆಲ್ ವಾಲ್ಯೂಮ್‌ಗೆ (ದ್ರವ ಬೆರೆಯುವಲ್ಲಿಂದ ಕಾಲಮ್‌ವರೆಗಿನ ಜಾಗಕ್ಕೆ) 1 ನಿಮಿಷ ಕಳೆಯಿರಿ. ಉಳಿದದ್ದು 8.5. ಅದನ್ನು 4.5ರಿಂದ ಗುಣಿಸಿ ಶುರುವಿನ 5 ಸೇರಿಸಿ, ಅಂದರೆ ಪೀಕ್ ಹೊರಬಂದದ್ದು ಸುಮಾರು 43%ಕ್ಕೆ. ಇನ್ನು 33ರಿಂದ 53%ರವರೆಗೆ ನಿಮಿಷಕ್ಕೆ 1%ರಂತೆ ನಿಧಾನ ಏರಿಸಿ. ಉಳಿದ ಕಡೆ ಬೇಗ ದಾಟಿಸಿದರೂ ನಡೆಯುತ್ತದೆ. ಫಾಸ್ಫೇಟ್ ಇದ್ದರೆ ಕೊನೆಯನ್ನು 70%ಕ್ಕೇ ನಿಲ್ಲಿಸಿ, ಇಲ್ಲದಿದ್ದರೆ ಉಪ್ಪು ಪಂಪಿನಲ್ಲೇ ಕೂರುತ್ತದೆ.

ರನ್ ಮುಗಿದ ಮೇಲೆ ಶುರುವಿನ ಮಿಶ್ರಣವನ್ನು ಸುಮಾರು 15 ಮಿ.ಲೀ. ಹರಿಸಿ. ಟೈಮ್ ಉಳಿಸಲು ಇದನ್ನೇ ಕತ್ತರಿಸುವವರು ಜಾಸ್ತಿ. ಒಂದೊಂದು ಇಂಜೆಕ್ಷನ್ ಒಂದೊಂದು ಥರ ಬರುವುದು ಬಹಳ ಸಲ ಇದಕ್ಕೇ.