502 ದೋಷ ಬಂದರೆ ದೊಡ್ಡ ಸರ್ವರ್ ಕೊಳ್ಳಬೇಕೇ?

ನಿಮ್ಮ ಜಾಲತಾಣದ ಪಿಎಚ್‌ಪಿ ಕೋಡ್ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಅನ್ನು ರೀಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಸರಿಯಿದ್ದು ಮತ್ತೆ ಪುಟದ ಬದಲು 502 ಎಂಬ ದೋಷಸಂಖ್ಯೆ ಬರುತ್ತದೆ, ನಡುನಡುವೆ 504 ಕೂಡ ಕಾಣುತ್ತದೆ ಎಂದಿದ್ದೀರಿ. 8 ಜಿಬಿ ಮೆಮೊರಿಯ ಸರ್ವರ್‌ಗೆ ಹೋಗುವುದೋ, ಬ್ರೌಸರ್‌ನ ಕೋರಿಕೆಯನ್ನು ಪಿಎಚ್‌ಪಿಗೆ ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಬಿಟ್ಟು ಅಪಾಚೆ ಹಾಕುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ಕೆಲವು ವರ್ಷಗಳ ಹಿಂದೆ, ದಸರೆಗೆ ಮೂರು ವಾರ ಇರುವಾಗ, ಬಳ್ಳಾರಿಯಲ್ಲಿ ನಾನು ಇದೇ ಎರಡು ದಾರಿಗಳ ನಡುವೆ ನಿಂತಿದ್ದೆ.

ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಸಗಟು ಆರ್ಡರ್ ತೆಗೆದುಕೊಳ್ಳುವ ಜಾಲತಾಣವನ್ನು ಮಾಡಿಕೊಟ್ಟಿದ್ದೆ. ವ್ಯಾಪಾರಿ ಫಾರ್ಮ್ ತುಂಬಿ ಒತ್ತಿದ ಕೂಡಲೇ ಆರ್ಡರ್ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ದಾಖಲಾಗುತ್ತಿತ್ತು, ನಂತರ ವ್ಯಾಪಾರಿಗೂ ಕಟಿಂಗ್ ಮಾಸ್ಟರಿಗೂ ಎಸ್‌ಎಂಎಸ್ ಹೋಗುತ್ತಿತ್ತು, ಅದು ಹೋದ ಮೇಲೆಯೇ ‘ಆರ್ಡರ್ ಸ್ವೀಕರಿಸಲಾಗಿದೆ’ ಎಂಬ ಪುಟ ತೆರೆಯುತ್ತಿತ್ತು. ಸರ್ವರ್ 2 ಜಿಬಿಯದು. ಒಂದೊಂದೂ ಒಂದು ಸಲಕ್ಕೆ ಒಬ್ಬರ ಕೋರಿಕೆಯನ್ನು ನೋಡಿಕೊಳ್ಳುವ ಪಿಎಚ್‌ಪಿಯ ಕೆಲಸಗಾರ ಪ್ರಕ್ರಿಯೆಗಳು ಐದೇ ಇದ್ದವು. ಉಬುಂಟು ಎಂಬ ಲಿನಕ್ಸ್‌ನಲ್ಲಿ ಹಾಗೆಯೇ ಬರುತ್ತದೆ.

ಒಂದು ಸಂಜೆ ಮೊದಲು 504, ಆಮೇಲೆ ಸಾಲುಸಾಲಾಗಿ 502. ಲಾಗ್ ತೆರೆದರೆ, ಮ್ಯಾಕ್ಸ್ ಚಿಲ್ಡ್ರನ್ (ಕೆಲಸಗಾರರ ಗರಿಷ್ಠ ಸಂಖ್ಯೆ) ಮಿತಿ 5 ಮುಟ್ಟಿದೆ, ಏರಿಸುವುದನ್ನು ಪರಿಶೀಲಿಸಿ ಎಂಬ ಸಾಲು ಕಾಣಿಸಿತು. ಅದನ್ನು ನಾನು ಆಜ್ಞೆಯೆಂದು ತಿಳಿದು 5 ಇದ್ದದ್ದನ್ನು 50 ಮಾಡಿದೆ. ನನ್ನ ದೊಡ್ಡ ತಪ್ಪು ಇದೇ, ಇದನ್ನು ಬಿಡಿಸಿ ಹೇಳದಿದ್ದರೆ ನೀವೂ ಇಂದು ರಾತ್ರಿ ಇದನ್ನೇ ಮಾಡುತ್ತೀರಿ.

ಆ ಐವರು ಕೆಲಸ ಹೆಚ್ಚಾಗಿ ಸೋತಿರಲಿಲ್ಲ, ಕಾಯುತ್ತ ಕುಳಿತಿದ್ದರು. ಎಸ್‌ಎಂಎಸ್ ಕಂಪನಿಯ ಸರ್ವರ್ ಅಂದು ಉತ್ತರವನ್ನೇ ಕೊಡುತ್ತಿರಲಿಲ್ಲ, ಮತ್ತು ಅದನ್ನು ಸಂಪರ್ಕಿಸಲು ಕರ್ಲ್ ಎಂಬ ಸಾಧನ ಬಳಸಿ ನಾನು ಬರೆದ ಕರೆಗೆ ಟೈಮ್‌ಔಟ್ (ಕಾಯುವ ಮಿತಿ) ಇರಲಿಲ್ಲ. ನಾವಾಗಿ ಹಾಕದಿದ್ದರೆ ಕರ್ಲ್ ಉತ್ತರಕ್ಕಾಗಿ ಎಷ್ಟು ಹೊತ್ತಾದರೂ ಕಾಯುತ್ತದೆ. ಪಿಎಚ್‌ಪಿಯ 30 ಸೆಕೆಂಡ್ ಮಿತಿ ಕಾಪಾಡುತ್ತದೆ ಎಂದು ನಂಬಿದ್ದೆ. ಲಿನಕ್ಸ್‌ನಲ್ಲಿ ಆ ಮಿತಿ ಪಿಎಚ್‌ಪಿ ತಾನೇ ದುಡಿದ ಸಮಯವನ್ನು ಮಾತ್ರ ಲೆಕ್ಕ ಹಾಕುತ್ತದೆ, ಹೊರಗಿನವರಿಗಾಗಿ ಕಾದ ಸಮಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಜಿನ್‌ಎಕ್ಸ್ ಮಾತ್ರ 60 ಸೆಕೆಂಡ್ ಕಾದು 504 ತೋರಿಸಿ ಕೈತೊಳೆದುಕೊಳ್ಳುತ್ತಿತ್ತು. ಅದರ ಹಿಂದೆ ದುಡಿಯುವ ಪಿಎಚ್‌ಪಿ ಕೆಲಸಗಾರ ಹಾಗೆಯೇ ಸಿಕ್ಕಿಕೊಂಡಿರುತ್ತಿದ್ದ. ಐವರೂ ಸಿಕ್ಕಿಕೊಂಡು ಹೊರಗಿನ ಸಾಲೂ ತುಂಬಿದ ಮೇಲೆ ಬಂದವರಿಗೆಲ್ಲ 502. ಜಿಪ್ ಬಂದಿಲ್ಲವೆಂದು ಐದು ಮಷೀನುಗಳು ನಿಂತಿರುವಾಗ ಇನ್ನೂ ನಲವತ್ತೈದು ದರ್ಜಿಗಳನ್ನು ಕರೆಸಿ ಕೂರಿಸಿದ ಹಾಗೆ ನಾನು ಮಾಡಿದ್ದೆ.

ಅದರ ಫಲ ಕೇಳಿ. ಐವರೇ ಇದ್ದಾಗ ಉಳಿದವರು ಬಾಗಿಲಲ್ಲೇ ಹಿಂದಿರುಗುತ್ತಿದ್ದರು, ಅವರ ಆರ್ಡರ್ ದಾಖಲಾಗುತ್ತಲೇ ಇರಲಿಲ್ಲ. ಐವತ್ತು ಮಾಡಿದ ಮೇಲೆ ಎಲ್ಲರೂ ಒಳಗೆ ಬಂದರು, ಆರ್ಡರ್ ದಾಖಲಾಯಿತು, ಆಮೇಲೆ ಎಸ್‌ಎಂಎಸ್ ಹಂತದಲ್ಲಿ ಸಿಕ್ಕಿಬಿದ್ದರು. 504 ಕಂಡ ವ್ಯಾಪಾರಿ ಏನೂ ಆಗಿಲ್ಲವೆಂದು ಮತ್ತೆ ಒತ್ತಿದ, ಮತ್ತೊಮ್ಮೆ ದಾಖಲಾಯಿತು. ಅಷ್ಟರಲ್ಲಿ ಒಂದೊಂದು ಪ್ರಕ್ರಿಯೆಗೆ ಸುಮಾರು 50 ಎಂಬಿಯಂತೆ ಐವತ್ತಕ್ಕೆ 2500 ಎಂಬಿ ಬೇಕಾಗಿ, 2 ಜಿಬಿ ಸಾಲದೆ, ಲಿನಕ್ಸ್ ತಾನಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿದ್ದ ಮೈಎಸ್‌ಕ್ಯೂಎಲ್ ಅನ್ನು ಕೊಂದಿತು. ಡೇಟಾಬೇಸ್ ಇಲ್ಲದೆ ಕೋಡೇ ಸೋತು, ಅಲ್ಲಿಂದ ಮುಂದೆ 500 ಎಂಬ ದೋಷ.

ಸರ್ವರ್ ಅನ್ನು ರಾತ್ರಿಯೇ ಎಬ್ಬಿಸಿದೆ. ಆದರೆ ಮರುದಿನ ಮಧ್ಯಾಹ್ನ ಘಟಕದ ಮಾಲೀಕರು ಫೋನ್ ಮಾಡಿ, “ಪಾರ್ಟಿ ಮುನ್ನೂರು ಪೀಸ್ ಅಂತಾನೆ, ನಿಮ್ಮ ಚೀಟಿಯಾಗ ಒಂಬೈನೂರು ಐತೆ, ಮಾಸ್ಟರ್ ಅಷ್ಟೂ ಕಟ್ ಮಾಡಿ ಕುಂತಾನೆ” ಎಂದರು. ಕತ್ತರಿಸಿದ ಡೆನಿಮ್ ಮತ್ತೆ ಥಾನಾಗುವುದಿಲ್ಲ. ಆ ಅಳತೆಗಳು ಬೇರೆಯವರಿಗೆ ಹೊಂದುವವರೆಗೆ ಹೆಚ್ಚುವರಿ ಮಾಲು ಅವರ ಗೋದಾಮಿನಲ್ಲೇ ಬಿದ್ದಿತ್ತು. ಬಟ್ಟೆಯ ಹಣದ ಅರ್ಧವನ್ನು ನಾನು ಕಂತುಗಳಲ್ಲಿ ಕೊಟ್ಟೆ. ಅವರು ಕೇಳಿರಲಿಲ್ಲ, ಆದರೂ ಕೊಡುವುದು ನ್ಯಾಯವೆನಿಸಿತು.

ಹೀಗಾಗಿ 8 ಜಿಬಿ ಸರ್ವರ್ ನಿಮಗೆ ಕೊಡುವುದು ಕಾಯಲು ಇನ್ನಷ್ಟು ಜಾಗವನ್ನು ಮಾತ್ರ. ಅಪಾಚೆಗೆ ಹೋದರೂ ಹಿಂದೆ ಇರುವುದು ಅದೇ ಪಿಎಚ್‌ಪಿ. 504 ಎಂದರೆ ವೆಬ್ ಸರ್ವರ್‌ನ ಹಿಂದಿರುವ ಪಿಎಚ್‌ಪಿ ಸಮಯದೊಳಗೆ ಉತ್ತರಿಸಲಿಲ್ಲ; 502 ಎಂದರೆ ಅದು ಸಿಗಲೇ ಇಲ್ಲ ಅಥವಾ ಅರ್ಥವಾಗದ ಉತ್ತರ ಕೊಟ್ಟಿತು. ನಿಮ್ಮಲ್ಲಿ 504 ಇರುವುದರಿಂದ ಯಾರೋ ಯಾರಿಗಾಗಿಯೋ ಕಾಯುತ್ತಿದ್ದಾರೆ ಎಂದೇ ನಾನು ಹೇಳುತ್ತೇನೆ. ರೀಸ್ಟಾರ್ಟ್ ಮಾಡಿದಾಗ ಹತ್ತು ನಿಮಿಷ ಸರಿಯಾಗುವುದೂ ಅದಕ್ಕೇ: ಕಾಯುತ್ತಿದ್ದವರನ್ನು ನೀವು ಎಬ್ಬಿಸಿ ಕಳಿಸುತ್ತೀರಿ, ಜೊತೆಗೆ ಸುಳಿವನ್ನೂ ಅಳಿಸುತ್ತೀರಿ.

ನಾನು ಕೊನೆಗೆ ಎಸ್‌ಎಂಎಸ್ ಅನ್ನು ಆರ್ಡರ್ ಪುಟದಿಂದ ಹೊರತೆಗೆದು ಒಂದು ಟೇಬಲ್‌ನಲ್ಲಿ ಬರೆದಿಟ್ಟೆ, ನಿಗದಿತ ಸಮಯಕ್ಕೆ ಕೆಲಸ ನಡೆಸುವ ಲಿನಕ್ಸ್‌ನ ಕ್ರಾನ್ ಅದನ್ನು ನಿಮಿಷಕ್ಕೊಮ್ಮೆ ಕಳಿಸುತ್ತದೆ. ಕರ್ಲ್‌ಗೆ 5 ಸೆಕೆಂಡ್ ಮಿತಿ ಹಾಕಿದೆ. ಪ್ರತಿ ಫಾರ್ಮ್‌ಗೆ ಒಂದು ಗುರುತುಸಂಖ್ಯೆ ಕೊಟ್ಟು, ಅದು ಎರಡನೆಯ ಸಲ ಬಂದರೆ ಡೇಟಾಬೇಸೇ ತಿರಸ್ಕರಿಸುವಂತೆ ಮಾಡಿದೆ. ಅದೇ 2 ಜಿಬಿ ಸರ್ವರ್ ಹದಿನೈದು ಕೆಲಸಗಾರರೊಂದಿಗೆ ಮುಂದಿನ ದಸರೆಯನ್ನು ದಾಟಿತು.

ನೀವು ಮೊದಲು ಪಿಎಚ್‌ಪಿ-ಎಫ್‌ಪಿಎಂ ಸಂರಚನೆಯಲ್ಲಿ, ನಿಧಾನವಾದ ಕೋರಿಕೆಗಳನ್ನು ದಾಖಲಿಸುವ ಸ್ಲೋ ಲಾಗ್‌ಗೆ ಒಂದು ಕಡತ ಸೂಚಿಸಿ ಅದರ ಮಿತಿಯನ್ನು 5 ಸೆಕೆಂಡ್‌ಗೆ ಇಡಿ. ಮುಂದಿನ ಸಲ 502 ಬಂದಾಗ ರೀಸ್ಟಾರ್ಟ್ ಮಾಡುವ ಮೊದಲು ಆ ಕಡತ ತೆರೆಯಿರಿ; ಯಾವ ಫೈಲಿನ ಯಾವ ಸಾಲಿನಲ್ಲಿ ಕೆಲಸಗಾರ ನಿಂತಿದ್ದಾನೆ ಎಂಬುದು ಅದರಲ್ಲಿ ಬರೆದಿರುತ್ತದೆ. ಆ ಸಾಲುಗಳನ್ನು ಇಲ್ಲಿ ಹಾಕಿ, ನೋಡುತ್ತೇನೆ.