ಪದೇ ಪದೇ ಡಯಟ್ ಮಾಡಿದ್ದರಿಂದಲೇ ಫ್ಯಾಟಿ ಲಿವರ್ ಬಂತಾ?

ಮೂರು ಸಲ ಡಯಟ್ ಮಾಡಿ ತೂಕ ಇಳಿಸಿದೆ, ಮೂರು ಸಲವೂ ವಾಪಸ್ ಬಂತು, ಈಗ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಅಂದಿದ್ದಾರೆ, ಡಯಟ್‌ನಿಂದಲೇ ಹೀಗಾಯ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಇದನ್ನೆಲ್ಲ ಅನುಭವಿಸಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ನಾನೂ ಎರಡು ಸಲ 12 ಕಿಲೋ ಇಳಿಸಿ, ಮತ್ತೆ ಏರಿಸಿಕೊಂಡವನು. ಎರಡನೇ ಸಲ ಏರಿದಾಗ ಮೊದಲಿನ ಹಾಗೇ 86 ಕಿಲೋ ಇದ್ದೆ. ಆದರೆ ಹಿಂದೆ 86 ಇದ್ದಾಗ ಆರಾಮಾಗಿ ಹಾಕುತ್ತಿದ್ದ ಪ್ಯಾಂಟಿನ ಗುಂಡಿ ಈಗ ಎಷ್ಟು ಉಸಿರು ಹಿಡಿದರೂ ಹಾಕಲಾಗಲಿಲ್ಲ. ತೂಕ ಅಷ್ಟೇ, ಹೊಟ್ಟೆ ಜಾಸ್ತಿ. ಲಿವರ್‌ಗೆ ತೊಂದರೆ ಆಗುವುದೇ ಇಲ್ಲಿ.

ಊಟವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕ ವಾಪಸ್ ಬರುವಾಗ ಕೊಬ್ಬು ಬೇಗ ಬರುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಊಟವಾದ ಮೇಲೆ ರಕ್ತದಲ್ಲಿನ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುವೇ ಅಲ್ವಾ? ಅದು ಕಮ್ಮಿಯಾಗಿ ಹೊಟ್ಟೆಯ ಕೊಬ್ಬು ಜಾಸ್ತಿಯಾದರೆ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಮಿಕ್ಕ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಮಾಡುತ್ತದೆ. ಜೊತೆಗೆ ಕರುಳಿನ ಸುತ್ತ ಕೂತ ಕೊಬ್ಬು ಕರಗಿ ರಕ್ತಕ್ಕೆ ಸೇರಿದ್ದು ಮೊದಲು ಹೋಗುವುದೂ ಲಿವರ್‌ಗೇ.

ತೀರಾ ಬೇಗ ಇಳಿಸುವುದೂ ಒಳ್ಳೆಯದಲ್ಲ. ಕೆಲವರಿಗೆ ಆಗ ಲಿವರ್‌ನ ಉರಿಯೂತ ಹೆಚ್ಚಾಗುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆಯೂ ಹೆಚ್ಚು.

ಇದನ್ನು ಓದಿ ದಯವಿಟ್ಟು ತೂಕ ಇಳಿಸುವುದನ್ನೇ ಬಿಡಬೇಡಿ. ಫ್ಯಾಟಿ ಲಿವರ್‌ಗೆ ಈಗಲೂ ಮುಖ್ಯ ಮದ್ದು ಅದೇ. ಇರುವ ತೂಕದಲ್ಲಿ ಶೇ. 5ರಷ್ಟು ಇಳಿದರೂ ಲಿವರ್‌ನ ಕೊಬ್ಬು ಕರಗತೊಡಗುತ್ತದೆ. ಶೇ. 7ರಿಂದ 10ರಷ್ಟು ಇಳಿದರೆ ಉರಿಯೂತ ತಗ್ಗುತ್ತದೆ. 80 ಕಿಲೋ ಇರುವವರಿಗೆ ಶೇ. 5 ಅಂದರೆ ಬರೀ 4 ಕಿಲೋ. ಆ ನಾಲ್ಕನ್ನು ನಿಧಾನವಾಗಿ ಇಳಿಸಿ, ಹಾಗೇ ಉಳಿಸಿಕೊಳ್ಳಿ. 12 ಕಿಲೋ ಇಳಿಸಿ ಏರಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ನನಗೆ ಈ ಸಲ ಕೈಹಿಡಿದದ್ದು ಸಾಕಷ್ಟು ಪ್ರೋಟೀನ್, ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮ.

ಇನ್ನೊಂದು ಮಾತು. ಲಿವರ್‌ಗೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತಪರೀಕ್ಷೆ ಎಸ್‌ಜಿಪಿಟಿ ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ, ಅದು ಸರಿ ಇದ್ದರೂ ಲಿವರ್‌ನಲ್ಲಿ ಕೊಬ್ಬು ಇರಬಹುದು. ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಪಕ್ಕದಲ್ಲಿ ಆಗಿನ ತೂಕ ಬರೆದು ಡಾಕ್ಟರ್‌ಗೆ ತೋರಿಸಿ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೊಸ್ಕ್ಯಾನ್ ಬೇಕಾ ಅಂತ ಅವರನ್ನೇ ಕೇಳಿ.