ನೆರೆ ದೇಶ ಸರಕಿನ ದಾರಿ ಮುಚ್ಚಿದರೆ ಡಬ್ಲ್ಯೂಟಿಒದಲ್ಲಿ (ವಿಶ್ವ ವ್ಯಾಪಾರ ಸಂಸ್ಥೆ) ದೂರು ಕೊಟ್ಟು ಗೆಲ್ಲಬಹುದಾ?

ಗೆಲ್ಲಬಹುದು. ಆದರೆ ದಾರಿ ಮುಚ್ಚಿದ ದೇಶ ಯಾವ ಕಾರಣ ಕೊಡುತ್ತದೆ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ.

ಡಬ್ಲ್ಯೂಟಿಒದಲ್ಲಿ ಸರಕು ವ್ಯಾಪಾರದ ಮೂಲ ಒಪ್ಪಂದವಾದ ಗ್ಯಾಟ್‌ನ 5ನೇ ವಿಧಿ ಪ್ರಕಾರ, ಬೇರೆ ದೇಶಕ್ಕೆ ಹೊರಟ ಸರಕಿಗೆ ನಡುವಿನ ದೇಶ ದಾರಿ ಬಿಡಬೇಕು. ಪನಾಮಾ ಗೆದ್ದ ಕಾರಣಗಳಲ್ಲಿ ಇದೂ ಒಂದು. ಪನಾಮಾದಿಂದ ಬರುವ ಬಟ್ಟೆ, ಚಪ್ಪಲಿ ಬೊಗೋಟಾ ವಿಮಾನ ನಿಲ್ದಾಣ ಅಥವಾ ಬರಾಂಕಿಯಾ ಬಂದರಿನ ಮೂಲಕ ಮಾತ್ರ ಬರಬೇಕು ಅಂತ ನೆರೆಯ ಕೊಲಂಬಿಯಾ ನಿಯಮ ಮಾಡಿತ್ತು. ಕಳ್ಳಸಾಗಣೆ ತಡೆಯೋಕೆ ಅಂತ ವಾದಿಸಿತು. 2009ರಲ್ಲಿ ತೀರ್ಪು ಕೊಟ್ಟ ಡಬ್ಲ್ಯೂಟಿಒ ವಿಚಾರಣಾ ಸಮಿತಿ ಅದನ್ನು ಒಪ್ಪಲಿಲ್ಲ.

ಉಕ್ರೇನ್‌ನದು ಬೇರೆಯೇ ಕಥೆ. 2016ರ ಜನವರಿ 1ರಿಂದ, ಕಝಾಕ್‌ಸ್ತಾನಕ್ಕೆ ಹೊರಟ ಉಕ್ರೇನ್ ಲಾರಿಗಳು ನೇರವಾಗಿ ರಷ್ಯಾಕ್ಕೆ ಹೋಗುವ ಹಾಗಿಲ್ಲ, ಬೆಲಾರುಸ್ ಸುತ್ತಿ ಬರಬೇಕು ಅಂತ ರಷ್ಯಾ ಹೇಳಿತು. ಸರಕಿಗೆ ಗ್ಲೋನಾಸ್ ಉಪಗ್ರಹದ ಮೂಲಕ ಗುರುತಿಸಬಹುದಾದ ಸೀಲ್, ಚಾಲಕರಿಗೆ ನೋಂದಣಿ ಕಾರ್ಡ್ ಕಡ್ಡಾಯವಾಯಿತು. ಜುಲೈನಿಂದ ಅನೇಕ ಸರಕುಗಳಿಗೆ ದಾರಿಯೇ ಬಂದ್. ಉಕ್ರೇನ್ ಆ ಸೆಪ್ಟೆಂಬರ್‌ನಲ್ಲಿ ದೂರು ಕೊಟ್ಟಿತು. ರಷ್ಯಾ 21ನೇ ವಿಧಿ, ಅಂದರೆ ದೇಶದ ಭದ್ರತೆಯ ವಿನಾಯಿತಿಯನ್ನು ಮುಂದಿಟ್ಟು, ಇದನ್ನು ಕೇಳುವ ಅಧಿಕಾರವೇ ನಿಮಗಿಲ್ಲ ಅಂದಿತು.

2019ರ ಏಪ್ರಿಲ್‌ನಲ್ಲಿ ಬಂದ ವರದಿ ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಭದ್ರತೆ ಅಂತ ಸುಮ್ನೆ ಹೇಳಿದರೆ ಸಾಲದು, ನಾವು ಪರಿಶೀಲಿಸುತ್ತೇವೆ ಅಂತ ಸಮಿತಿ ಹೇಳಿತು. 21ನೇ ವಿಧಿಯನ್ನು ಹೀಗೆ ವಿವರಿಸಿದ್ದು ಅದೇ ಮೊದಲು. ಆದರೆ 2014ರಿಂದ ಎರಡು ದೇಶಗಳ ನಡುವೆ ನಿಜಕ್ಕೂ ತುರ್ತು ಪರಿಸ್ಥಿತಿ ಇದೆ ಅಂತ ಒಪ್ಪಿ, ತೀರ್ಪು ರಷ್ಯಾದ ಪರ ಕೊಟ್ಟಿತು. ಉಕ್ರೇನ್‌ನ ಕ್ರೈಮಿಯಾವನ್ನು ಕಿತ್ತುಕೊಂಡ ದೇಶಕ್ಕೇ ಆ ಜಗಳ ರಕ್ಷಣೆಯಾಯಿತು. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ನಮ್ಮ ಕಡೆಯದ್ದೂ ನೋಡಿ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಭಾರತದ ನೂಲು ಭೂಗಡಿಯಿಂದ ಬರೋದನ್ನು ನಿಲ್ಲಿಸಿತು. ಮೇ 17ರಂದು ಭಾರತ, ಬಾಂಗ್ಲಾದೇಶದ ಸಿದ್ಧ ಉಡುಪು ನ್ಹಾವಾ ಶೇವಾ, ಕೋಲ್ಕತ್ತಾ ಬಂದರುಗಳಿಂದ ಮಾತ್ರ ಬರಬೇಕು ಅಂದಿತು. ನೇಪಾಳ, ಭೂತಾನ್‌ಗೆ ಹೋಗುವ ಸರಕಿಗೆ ಇದು ಅನ್ವಯಿಸೋದಿಲ್ಲ. ರೂಪದಲ್ಲಿ ಇದು ಕೊಲಂಬಿಯಾ ಕೇಸಿಗೆ ಹತ್ತಿರ. ಯಾರಾದರೂ ಭದ್ರತೆಯ ಮಾತೆತ್ತಿದರೆ ಮಾತ್ರ ಉಕ್ರೇನ್ ಕೇಸಿನ ದಾರಿ ಹಿಡಿಯುತ್ತದೆ.

ಇನ್ನೊಂದು ತೊಡಕಿದೆ. 2019ರ ಡಿಸೆಂಬರ್‌ನಿಂದ ಡಬ್ಲ್ಯೂಟಿಒ ಮೇಲ್ಮನವಿ ಪೀಠಕ್ಕೆ ಬೇಕಾದಷ್ಟು ಸದಸ್ಯರಿಲ್ಲ. ಸೋತವರು ಮೇಲ್ಮನವಿ ಹಾಕಿದರೆ ಕೇಸು ಅಲ್ಲೇ ನಿಂತುಬಿಡುತ್ತದೆ. ಅಷ್ಟರಲ್ಲಿ ಲಾರಿ ಬಾಡಿಗೆ, ಗೋದಾಮಿನ ಖರ್ಚು ಕಟ್ಟೋರು ವ್ಯಾಪಾರಿಗಳೇ ಅಲ್ವಾ? ನೀವು ರಫ್ತು ಮಾಡುವವರಾದರೆ, ದಾರಿ ಬದಲಾದಾಗ ಹೆಚ್ಚುವರಿ ಸಾಗಣೆ ಖರ್ಚು ಯಾರದ್ದು ಅಂತ ಖರೀದಿದಾರರ ಜೊತೆಗಿನ ಒಪ್ಪಂದದಲ್ಲೇ ಬರೆಸಿಕೊಳ್ಳಿ.